ಹೆಸರು ಕೇಳದವರ ಸಭೆ

ಹೊಟ್ಟೆಪಾಡಿಗಾಗಿ ನಾಗಪುರವನ್ನು ಸೇರಿದ ನಮ್ಮವರಲ್ಲಿ ಕುಡಿತಕ್ಕೆ ಸಿಕ್ಕವರು ಯಾರೂ ಇಲ್ಲವೆಂದು ಹೇಳಿ ನಾವು ನಮ್ಮನ್ನೇ ವಂಚಿಸಿಕೊಳ್ಳಲಾರೆವು. ಆದರೆ ಅವರ ಕಷ್ಟದಲ್ಲಿ ಒಂದು ವಿಶೇಷವುಂಟು. ಹೋಟೆಲಿನ ಎಷ್ಟೋ ಕೆಲಸಗಾರರಿಗೆ ದುಡಿಯುವ ಜಾಗವೇ ಉಣ್ಣುವ ಜಾಗ, ಮಲಗುವ ಜಾಗ. ಕುಡಿತದ ಸುದ್ದಿ ಗಲ್ಲೆಯವರೆಗೆ ಮುಟ್ಟಿದರೆ ಸಂಬಳ, ಊಟ, ಸೂರು ಮೂರೂ ಒಂದೇ ದಿನ ಹೋಗಬಹುದು. ಗುಮಾಸ್ತನಿಗೆ ಅಷ್ಟು ಗಂಡಾಂತರವಿಲ್ಲದಿದ್ದರೂ, ನಮ್ಮವರು ನಾಲ್ಕು ಜನ ಸೇರಿದ ಕಡೆ ಆಡಿಕೊಂಡ ಮಾತು ಆ ರಾತ್ರಿಯೇ ಫೋನಿನಲ್ಲಿ ಊರನ್ನು ತಲುಪುತ್ತದೆ. ಆದಕಾರಣ ನಮ್ಮವನು ಬಚ್ಚಿಡುತ್ತಾನೆ; ಬಚ್ಚಿಟ್ಟಷ್ಟೂ ರೋಗ ಬಲಿಯುತ್ತದೆ.

ಇಂಥವನಿಗೆ ಒದಗುವ ಸಭೆಯೊಂದುಂಟು. ಆಲ್ಕೊಹಾಲಿಕ್ಸ್ ಅನಾನಿಮಸ್, ಎಂದರೆ ಹೆಸರು ಹೇಳದ ಮದ್ಯವ್ಯಸನಿಗಳ ಕೂಟ, ಎಂದು ಅದಕ್ಕೆ ಹೆಸರು, ರೂಢಿಯಲ್ಲಿ ಎ.ಎ. ಎನ್ನುತ್ತಾರೆ. ಅದರ ಹುಟ್ಟಿನ ಕಥೆ ನಮ್ಮ ಹೋಟೆಲು ಬಂಧುಗಳಿಗೆ ವಿಶೇಷವಾಗಿ ಹಿಡಿಸೀತು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥನು ಅಮೆರಿಕದ ಆಕ್ರನ್ ಪಟ್ಟಣದ ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಒಂಟಿಯಾಗಿ ನಿಂತಿದ್ದನು. ಬಂದ ಕೆಲಸ ಕೆಟ್ಟಿತ್ತು, ಊರು ಪರಸ್ಥಳ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು. ಪಕ್ಕದಲ್ಲಿಯೇ ಮದ್ಯದಂಗಡಿಯ ಗದ್ದಲ. ಅವನು ಅತ್ತ ಹೆಜ್ಜೆ ಹಾಕದೆ ಟೆಲಿಫೋನನ್ನು ಕೈಗೆತ್ತಿಕೊಂಡು, ತನ್ನಂತೆಯೇ ನರಳುವ ಇನ್ನೊಬ್ಬ ಕುಡುಕನನ್ನು ತನಗೆ ಭೇಟಿ ಮಾಡಿಸಿರೆಂದು ಪಾದ್ರಿಗಳ ಮೂಲಕ ವಿಚಾರಿಸಿದನು. ಹಾಗೆ ದೊರೆತವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಆ ವೈದ್ಯರು ಕೊನೆಯ ಬಾರಿ ಕುಡಿದರೆನ್ನಲಾದ 1935ರ ಜೂನ್ 10ನೆಯ ದಿನವನ್ನೇ ಕೂಟದ ಜನ್ಮದಿನವೆಂದು ಎಣಿಸುತ್ತಾರೆ. ಮುಂಬಯಿಗೆ ಅದು 1957ರಲ್ಲಿ ಬಂದಿತು. ಒಂದು ಹೋಟೆಲಿನಲ್ಲಿ ನಿಂತ ಪರದೇಶಿಯ ಒಂಟಿತನದಿಂದ ಹುಟ್ಟಿದ್ದು ಇನ್ನೊಂದು ಹೋಟೆಲಿನ ಪರದೇಶಿಗೆ ಉಪಯೋಗವಾಗುವುದರಲ್ಲಿ ಆಶ್ಚರ್ಯವೇನು?

ನಾಗಪುರದಲ್ಲಿಯೂ ಎ.ಎ. ಗುಂಪುಗಳಿವೆ. ಫೋನಿನಲ್ಲಿ ಕೂಟದ ಹೆಸರನ್ನೂ ಊರಿನ ಹೆಸರನ್ನೂ ಕೊಟ್ಟು ಹುಡುಕಬಹುದು. ಹತ್ತಿರದ ಸಭೆ ಯಾವುದೆಂದು ಮುಂಬಯಿಯಲ್ಲಿರುವ ಅವರ ಭಾರತದ ಕಚೇರಿಯನ್ನೂ ಕೇಳಬಹುದು. ಚಟ ಬಿಡುವವರಿಗಾಗಿ ಸರಕಾರವು ಇಟ್ಟಿರುವ 14446 ಎಂಬ ಉಚಿತ ಸಂಖ್ಯೆಯೂ ಉಂಟು. ಇಂಥ ಸಭೆಗಳು ಸಾಮಾನ್ಯವಾಗಿ ಶಾಲೆಯ ಕೋಣೆಯಲ್ಲೋ ಇಗರ್ಜಿಯ ಸಭಾಗೃಹದಲ್ಲೋ ಸೇರುತ್ತವೆ. ಇಗರ್ಜಿ ಎಂದೊಡನೆ ಕೆಲವರು ಹುಬ್ಬೇರಿಸುವುದನ್ನು ನಾವು ಬಲ್ಲೆವು. ಅದು ಕೂಡುವ ಜಾಗ ಮಾತ್ರ. ಕೂಟವು ಯಾವ ಮತಕ್ಕೂ ಸೇರಿದ್ದಲ್ಲ. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆಯಾದರೂ, ಅವರವರು ತಿಳಿದ ದೇವರೆಂದೇ ಅದರ ಅರ್ಥ.

ಒಳಗೆ ಹೋದರೆ ಕಾಣುವುದೇನು? ಕುರ್ಚಿಗಳು, ಸಾಮಾನ್ಯವಾಗಿ ಚಹಾ, ಒಬ್ಬೊಬ್ಬರಾಗಿ ಮಾತು. ಮನೆತನದ ಹೆಸರನ್ನು ಕೇಳುವುದಿಲ್ಲ, ಜಾತಿಯನ್ನು ಕೇಳುವುದಿಲ್ಲ, ಯಾವ ಹೋಟೆಲೆಂದು ಕೇಳುವುದಿಲ್ಲ. ಶುಲ್ಕವಿಲ್ಲ, ಖರ್ಚಿಗೆಂದು ಸುತ್ತಿಸುವ ಬುಟ್ಟಿಯಲ್ಲಿ ಇಷ್ಟವಿದ್ದವರು ಹಾಕುವುದು. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡುವ ಇಚ್ಛೆ. ಮೊದಲ ದಿನ ಬಾಯಿ ತೆರೆಯದೆ ಕೇಳುತ್ತ ಕುಳಿತರೂ ಆಕ್ಷೇಪವಿಲ್ಲ. ಜೀವಮಾನವಿಡೀ ಮುಟ್ಟೆನೆಂಬ ಭೀಷ್ಮ ಪ್ರತಿಜ್ಞೆಯನ್ನು ಅಲ್ಲಿ ಮಾಡಿಸುವುದಿಲ್ಲ. ಈ ದಿನ ಮುಟ್ಟದಿದ್ದರೆ ಆಯಿತು, ನಾಳೆಯದು ನಾಳೆಗೆ. ಭಾಷೆಯ ಅಂಜಿಕೆ ಬೇಡ. ಮರಾಠಿ ಗಿರಾಕಿಗಳೊಡನೆ ಹತ್ತು ವರ್ಷ ಬಿಲ್ಲಿನ ಜಗಳವಾಡಿದ ನಮ್ಮ ಸಪ್ಲಾಯರನಿಗೆ ಹರಕು ಮುರುಕು ಹಿಂದಿಯಲ್ಲಿ ತನ್ನ ಕಥೆಯನ್ನು ಹೇಳುವುದು ಕಷ್ಟವಾಗಲಾರದು. ಅಪರಿಚಿತ ನುಡಿಯಲ್ಲಿ ನಾಚಿಕೆ ಕಡಿಮೆಯೆಂದೂ ನಮಗೆ ತೋರುತ್ತದೆ.

ಬರಿಯ ಮಾತಿನಿಂದ ಏನಾದೀತೆಂದು ಸಂಶಯಪಡುವವರಿಗೆ ಒಂದು ಆಧಾರವುಂಟು. ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯು 2020ರಲ್ಲಿ 27 ಅಧ್ಯಯನಗಳನ್ನು ಪರಿಶೀಲಿಸಿ, ಕುಡಿತದಿಂದ ಪೂರ್ತಿ ದೂರವಿರುವ ವಿಷಯದಲ್ಲಿ ಎ.ಎ. ಮತ್ತು ಅದರ ಜಾಡಿನ ಚಿಕಿತ್ಸೆಗಳು ಬೇರೆ ಕ್ರಮಗಳಿಗೆ ಸಮವೋ ಮೇಲೋ ಆಗಿವೆಯೆಂದು ಕಂಡಿತು. ನಮ್ಮ ನಾಡಿನಲ್ಲಿಯೇ, ಧರ್ಮಸ್ಥಳದ ಶ್ರೀ ವೀರೇಂದ್ರ ಹೆಗ್ಗಡೆಯವರ ಆಶ್ರಯದ ಜನಜಾಗೃತಿ ವೇದಿಕೆಯು ಮದ್ಯವರ್ಜನ ಶಿಬಿರಗಳನ್ನು ನಡೆಸಿದ ಮೇಲೆ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸುತ್ತದೆ. ಬಿಟ್ಟವನಿಗೆ ಬಿಟ್ಟವನೇ ಊರುಗೋಲೆಂಬ ತತ್ತ್ವ ಅಲ್ಲಿಯೂ ಇದೆ. ಬರಿಯ ಕಾಯಿದೆಯಿಂದ ಇದಾಗದು. ನೆರೆಯ ವರ್ಧಾ ಜಿಲ್ಲೆಯಲ್ಲಿ ದಶಕಗಳಿಂದ ಪಾನನಿಷೇಧವಿದ್ದೂ ಕಳ್ಳ ಮದ್ಯ ನಿಂತಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ವರ್ಷಗಟ್ಟಲೆ ದಿನವೂ ಬಹಳ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಫಿಟ್ಸು, ಎರಡು ಮೂರನೆಯ ದಿನಕ್ಕೆ ಬುದ್ಧಿಭ್ರಮೆ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಅಂಥವನು ಮೊದಲು ವೈದ್ಯರನ್ನು ಕಾಣಬೇಕು. ನಗರದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯುಂಟು, ಪ್ರಾದೇಶಿಕ ಮನೋರುಗ್ಣಾಲಯವುಂಟು. ಸಭೆಯು ಔಷಧಿಯ ಬದಲಿಗಲ್ಲ. ಊರಿನಲ್ಲಿಯೋ ಇಲ್ಲಿಯೋ ಕಣ್ಣೀರಿಡುವ ಹೆಂಡತಿ, ತಾಯಿಯರಿಗಾಗಿ 1951ರಿಂದ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಗಂಡಸು ಒಪ್ಪದಿದ್ದರೂ ಅವರು ತಾವಾಗಿಯೇ ಅದನ್ನು ಸೇರಬಹುದು.

ಇನ್ನು ಹೋಟೆಲು ಧಣಿಗಳಿಗೆ ಒಂದು ಮಾತು. ಸಭೆ ಕೂಡುವುದು ಹೆಚ್ಚಾಗಿ ಸಂಜೆಯ ಹೊತ್ತು. ದೋಸೆಯ ಕಾವಲಿ ಬಿಡುವಿಲ್ಲದೆ ಉರಿಯುವುದೂ ಆಗಲೇ. ಗುಮಾಸ್ತನು ಕಚೇರಿ ಬಿಟ್ಟು ನೇರವಾಗಿ ಹೋಗಬಲ್ಲನು, ಅಡಿಗೆಯವನು ಹೋಗಲಾರನು. ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ, ಕಾರಣ ಕೇಳದೆ ಬಿಡುವು ಕೊಟ್ಟು ಪಾಳಿಯನ್ನು ಬದಲಾಯಿಸಿದರೆ ಸಾಕು. ಅವನು ಎಲ್ಲಿಗೆ ಹೋಗಿ ಬಂದನೆಂದು ಗಲ್ಲೆಯಲ್ಲಿ ಕುಳಿತವರು ವಿಚಾರಿಸಬೇಕಾಗಿಲ್ಲ.