ಕುಲುಮೆಗೂ ಮೊದಲು ಮೇವು

ಭದ್ರಾವತಿಯೊಳಗೆ ಮೂರು ಟೌನುಗಳಿವೆ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನದ ಸುತ್ತ ಬೆಳೆದ ಹಳೆಯ ಊರು ಈಗ ಓಲ್ಡ್ ಟೌನ್. ಕಬ್ಬಿಣದ ಕಾರ್ಖಾನೆಯ ಜೊತೆಗೆ ಎದ್ದದ್ದು ನ್ಯೂ ಟೌನ್. ಕಾಗದದ ಕಾರ್ಖಾನೆಯ ಬೆನ್ನಿಗೆ ಬಂದದ್ದು ಪೇಪರ್ ಟೌನ್. ಈ ಎರಡು ಹೊಸ ಟೌನುಗಳಿಗೆ ಅನ್ನ ಹಾಕಿದ್ದು ಮಲೆನಾಡಿನ ಮರ. ಕಸದಿಂದ ವಿದ್ಯುತ್, ಸೌದೆಯಿಂದ ಅನಿಲ, ಹೊಟ್ಟಿನಿಂದ ಹೈಡ್ರೋಜನ್ ಎಂಬ ಮಾತುಗಳು ಇಂದು ಹೊಸ ತಂತ್ರಜ್ಞಾನವೆಂದು ಎಲ್ಲೆಡೆ ಕೇಳಿಬರುತ್ತಿವೆ. ಭದ್ರಾವತಿಗೆ ಅದರ ಬೇರು ಹಳೆಯ ಪರಿಚಯ. ನೂರು ವರ್ಷದ ಕೆಳಗೆ ಇಲ್ಲಿ ಮರವನ್ನು ಅನಿಲವಾಗಿಸುವ ಕೆಲಸ ದೊಡ್ಡ ಪ್ರಮಾಣದಲ್ಲೇ ನಡೆದಿತ್ತು. ಅದರ ಲಾಭವನ್ನೂ ಅದಕ್ಕೆ ತೆತ್ತ ಬೆಲೆಯನ್ನೂ ಈ ಶಿವಮೊಗ್ಗ ಜಿಲ್ಲೆ ಕಂಡಿದೆ.

ಮೈಸೂರು ಸಂಸ್ಥಾನದ ಕಷ್ಟ ಸರಳವಾಗಿತ್ತು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. ಬಂಗಾಳ–ಬಿಹಾರದಿಂದ ಕಲ್ಲಿದ್ದಲು ತರಿಸಿ ಕಬ್ಬಿಣ ಮಾಡಿದರೆ ಗಿಟ್ಟುತ್ತಿರಲಿಲ್ಲ. ಇದ್ದದ್ದು ಕಾಡು. ಹೀಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಮೊದಲ ಹೆಸರಿನಲ್ಲಿ ‘ಡಿಸ್ಟಿಲೇಷನ್’ ಎಂಬ ಮಾತು ‘ಐರನ್’ಗಿಂತ ಮುಂದೆ ಕೂತಿತ್ತು. 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ನಷ್ಟದಲ್ಲಿದ್ದ ಕಾರ್ಖಾನೆಯನ್ನು 1929ರವರೆಗೆ ನಡೆಸಿ ತನ್ನ ಕಾಲ ಮೇಲೆ ನಿಲ್ಲಿಸಿದರು.

ಅಲ್ಲಿ ನಡೆಯುತ್ತಿದ್ದ ಕ್ರಿಯೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೌದೆಯನ್ನು ಗಾಳಿ ನುಗ್ಗದ ರಿಟಾರ್ಟ್‌ಗಳಲ್ಲಿ ಕಾಯಿಸುತ್ತಿದ್ದರು. ಗಾಳಿ ಇಲ್ಲದಿದ್ದರೆ ಮರ ಉರಿಯುವುದಿಲ್ಲ, ಒಡೆಯುತ್ತದೆ. ಮೊದಲು ನೀರು ಹೋಗುತ್ತದೆ. ಆಮೇಲೆ ಆವಿಯಾಗಿ ಹೊರಡುವ ದ್ರವದಿಂದ ಮರದ ಸ್ಪಿರಿಟ್ ಎನ್ನುವ ಮಿಥೈಲ್ ಆಲ್ಕೋಹಾಲ್, ಅಸಿಟೇಟ್ ಆಫ್ ಲೈಮ್, ಟಾರು, ಕ್ರಿಯೊಸೋಟ್ ಎಣ್ಣೆ ಸಿಗುತ್ತವೆ. ತಣಿಸಿದರೂ ದ್ರವವಾಗದೆ ಉಳಿಯುವ ಅನಿಲ ಉರಿಸಲು ಬರುತ್ತದೆ. ಕೊನೆಗೆ ರಿಟಾರ್ಟ್‌ನಲ್ಲಿ ಉಳಿಯುವುದು ಇದ್ದಿಲು. ಆ ಇದ್ದಿಲು ಅದಿರಿನ ಜೊತೆ ಊದುಕುಲುಮೆಗೆ ಹೋದ ಮೇಲೆ ಎರಡನೆಯ ಘಟ್ಟ. ಕೆಳಗಿನಿಂದ ಊದುವ ಬಿಸಿಗಾಳಿ ಇದ್ದಿಲನ್ನು ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಆ ಅನಿಲ ಮೇಲೇರುತ್ತ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಕಬ್ಬಿಣ ಕೆಳಗೆ ಹರಿಯುತ್ತದೆ. ಮೇಲಿಂದ ಹೊರಬರುವ ಅನಿಲದಲ್ಲಿ ಇನ್ನೂ ಉರಿಯುವ ಶಕ್ತಿ ಇರುವುದರಿಂದ ಅದನ್ನು ಗಾಳಿ ಕಾಯಿಸಲು, ಬಾಯ್ಲರ್ ಉರಿಸಲು ತಿರುಗಿಸುತ್ತಾರೆ. ಇಂದು ಪೈರಾಲಿಸಿಸ್, ಗ್ಯಾಸಿಫಿಕೇಷನ್ ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರುವ ಎರಡೂ ಕ್ರಿಯೆಗಳು ಭದ್ರಾವತಿಯ ಒಂದೇ ಕಾಂಪೌಂಡಿನಲ್ಲಿದ್ದವು. ಗಂಧಕ ಹೆಚ್ಚಿಲ್ಲದ ಇದ್ದಿಲಿನ ಕಬ್ಬಿಣಕ್ಕೆ ಒಳ್ಳೆಯ ಹೆಸರೂ ಇತ್ತು.

ಬೆಲೆ ತೆತ್ತದ್ದು ಕಾಡು. ಒಂದು ಟನ್ ಇದ್ದಿಲಿಗೆ ನಾಲ್ಕು ಟನ್‌ನಷ್ಟು ಒಣ ಸೌದೆ ಬೇಕು, ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಶಿವಮೊಗ್ಗ, ಕಡೂರು ಜಿಲ್ಲೆಗಳ ಕಾಡಿನಿಂದ ಟ್ರಾಮ್ ಹಳಿಗಳ ಮೇಲೆ ಸೌದೆ ಹರಿದುಬಂತು. 1948ರಲ್ಲಿ ಜೋಗದ ವಿದ್ಯುತ್ ಬಂದ ಮೇಲೆ, 1952ರಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಶಾಖಕ್ಕೆ ಕರೆಂಟು ಸಿಕ್ಕಿತು. ಅದಿರಿನಿಂದ ಆಮ್ಲಜನಕ ಬಿಡಿಸಲು ಇಂಗಾಲ ಮಾತ್ರ ಬೇಕೇ ಇತ್ತು. ಹೊಳೆಯ ಬದಿಯಲ್ಲಿ 1936ರಲ್ಲಿ ಹುಟ್ಟಿದ್ದ ಮೈಸೂರು ಪೇಪರ್ ಮಿಲ್ಸ್‌ಗೂ ಮರವೇ ಮೇವು. ಅದಕ್ಕೆ 1980ರಲ್ಲಿ 40 ವರ್ಷಕ್ಕೆಂದು ಅರಣ್ಯಭೂಮಿ ಗುತ್ತಿಗೆ ಸಿಕ್ಕಿತು, ಅಲ್ಲಿ ನೀಲಗಿರಿ ಮತ್ತು ಅಕೇಶಿಯಾ ನೆಟ್ಟರು. ಗುತ್ತಿಗೆ ಮುಗಿಯುವ ಹೊತ್ತಿಗೆ ಕಾರ್ಖಾನೆಯೇ ನಿಂತುಹೋಗಿತ್ತು. ಆ ನೆಲ ಮತ್ತೆ ಸಹಜ ಕಾಡಾಗಲಿ ಎಂದು ಮಲೆನಾಡಿಗರು ಬೀದಿಗಿಳಿದದ್ದು 2020ರಲ್ಲಿ. ಹೀಗಾಗಿ ಯಾರಾದರೂ ಇಲ್ಲಿಗೆ ಬಂದು ‘ಜೀವರಾಶಿಯಿಂದ ಶುದ್ಧ ಇಂಧನ’ ಎಂದ ಕೂಡಲೇ ಜನ ಮೊದಲು ಕೇಳುವುದು: ಮರ ಎಲ್ಲಿಂದ ತರುತ್ತೀರಿ? ಆ ಅನುಮಾನ ನ್ಯಾಯವಾದದ್ದು ಎಂದೇ ನನ್ನ ನಂಬಿಕೆ.

ಆ ಪ್ರಶ್ನೆಗೆ ಗಂಭೀರವಾಗಿ ಉತ್ತರ ಹುಡುಕಿದವರು ಕರ್ನಾಟಕದಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ಕಟ್ಟಿದರು. ಅದೇ ಸಂಸ್ಥೆಯಲ್ಲಿ ರಾಕೆಟ್ ದಹನದ ಮೇಲೆ ಕೆಲಸ ಮಾಡುತ್ತಿದ್ದ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಸೌದೆಯ ಅನಿಲದ ಕಡೆ ತಿರುಗಿದರು. ಅವರಿಗೆ ಎದುರಾದ ದೊಡ್ಡ ಶತ್ರು ಟಾರು. ಭದ್ರಾವತಿಯಲ್ಲಿ ಪೀಪಾಯಿಗೆ ತುಂಬಿ ಮಾರುತ್ತಿದ್ದ ಟಾರು ಎಂಜಿನ್ನಿನೊಳಗೆ ಹೋದರೆ ಕವಾಟಕ್ಕೆ ಅಂಟಿ ಎಂಜಿನ್ನನ್ನೇ ಹಿಡಿದುಬಿಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಅನಿಲದ ಒಲೆ ಕಟ್ಟಿಕೊಂಡು ಓಡಿಸಿದಾಗ ಎಷ್ಟೋ ಕಡೆ ಸೌದೆ ಬಿಟ್ಟು ಇದ್ದಿಲನ್ನೇ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಇದ್ದಿಲಿನಲ್ಲಿ ಟಾರು ಆಗಲೇ ಹೊರಟುಹೋಗಿರುತ್ತದೆ. ಬೆಂಗಳೂರಿನ ವಿನ್ಯಾಸ ಬೇರೆ ದಾರಿ ಹಿಡಿಯಿತು. ಬಾಯಿ ತೆರೆದ ಉದ್ದನೆಯ ಕೊಳವೆ, ಮೇಲಿನಿಂದಲೂ ಪಕ್ಕದ ಮೂತಿಗಳಿಂದಲೂ ಗಾಳಿ, ಅನಿಲ ಇಳಿಯುವುದು ಕೆಳಮುಖವಾಗಿ, ಕೆಂಡದ ಹಾಸಿನ ನಡುವೆ. ಆ ಕೆಂಡದ ಬಿಸಿಯಲ್ಲಿ ಬಹುಪಾಲು ಟಾರು ಚೂರಾಗುತ್ತದೆ. ಕೊನೆಗೆ ಸಿಗುವ ಅನಿಲದಲ್ಲಿ ಅರ್ಧದಷ್ಟು ನೈಟ್ರೋಜನ್, ಉಳಿದದ್ದರಲ್ಲಿ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್. ಬಡ ಅನಿಲವೇ ನಿಜ, ಆದರೆ ಎಂಜಿನ್ ತಿರುಗಿಸುತ್ತದೆ. ಒಂದರಿಂದ ಒಂದೂವರೆ ಕೆಜಿ ಒಣ ಸೌದೆಗೆ ಒಂದು ಯೂನಿಟ್ ವಿದ್ಯುತ್.

1988ರಲ್ಲಿ ಈ ವಿನ್ಯಾಸ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ ಬಂತು. 35ರಷ್ಟು ಮನೆಗಳ, ವಿದ್ಯುತ್ ಕಾಣದ ಹಳ್ಳಿ. 3.7 ಕಿಲೋವಾಟ್‌ನ ಪುಟ್ಟ ಯಂತ್ರ ಮನೆಗೆ ದೀಪ ಕೊಟ್ಟಿತು, ಕುಡಿಯುವ ನೀರು ಎತ್ತಿತು, ಹಿಟ್ಟಿನ ಗಿರಣಿ ತಿರುಗಿಸಿತು. ಯಂತ್ರ ಕೂರಿಸಿದ್ದಕ್ಕಿಂತ ದೊಡ್ಡ ವಿಷಯ, ಅದರ ಸೌದೆಗೆಂದೇ ಹಳ್ಳಿಯಲ್ಲಿ ಮರ ಬೆಳೆಸಿದ್ದು. ಭದ್ರಾವತಿಯ ಕುಲುಮೆ ಕಾಡಿನ ಕಡೆ ಕೈಚಾಚಿತ್ತು, ಹೊಸಹಳ್ಳಿಯ ಯಂತ್ರ ತನ್ನ ಮೇವನ್ನು ತಾನೇ ಬೆಳೆದುಕೊಂಡಿತು. ಮುಂದೆ ಅದೇ ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಒಟ್ಟು 500 ಕಿಲೋವಾಟ್‌ನ ಘಟಕ ಗ್ರಿಡ್‌ಗೇ ವಿದ್ಯುತ್ ಕೊಟ್ಟಿತು.

ಈಗ ಶಿವಮೊಗ್ಗ ಸೀಮೆಯ ಲೆಕ್ಕ. ಒಂದು ಮೆಗಾವಾಟ್ ಘಟಕ ದಿನವಿಡೀ ಓಡಿದರೆ, ಯೂನಿಟ್‌ಗೆ 1.2 ಕೆಜಿಯಂತೆ ಹಿಡಿದರೂ ದಿನಕ್ಕೆ 29 ಟನ್ ಒಣ ಮೇವು ಬೇಕು. ಅಷ್ಟನ್ನು ಮರದಿಂದ ತರುತ್ತೇವೆಂದರೆ ಹಳೆಯ ಕಥೆಯೇ ಮತ್ತೆ. ಮರ ಬಿಟ್ಟು ಈ ಸೀಮೆಯಲ್ಲಿ ಧಾರಾಳವಾಗಿರುವುದು ಎರಡು: ಭತ್ತದ ಹೊಟ್ಟು ಮತ್ತು ಅಡಿಕೆ ಸಿಪ್ಪೆ. ಭತ್ತದ ತೂಕದಲ್ಲಿ ಐದರಲ್ಲೊಂದು ಪಾಲು ಹೊಟ್ಟು, ಅದೂ ಅಕ್ಕಿ ಗಿರಣಿಯ ಅಂಗಳದಲ್ಲೇ ಒಣಗಿ ರಾಶಿಯಾಗಿ ಸಿಗುತ್ತದೆ. ಬಿಹಾರದ ಹಸ್ಕ್ ಪವರ್ ಸಿಸ್ಟಮ್ಸ್ 2007ರಲ್ಲಿ ಹಳ್ಳಿಗಳಿಗೆ ಬೆಳಕು ಕೊಡಲು ಹೊರಟದ್ದು ಈ ಹೊಟ್ಟನ್ನೇ ನಂಬಿ. ಅದರ ತೊಂದರೆ ಬೂದಿ. ಸುಟ್ಟ ಹೊಟ್ಟಿನ ಐದನೇ ಒಂದು ಪಾಲಿನಷ್ಟು ಬೂದಿಯಾಗಿ ಉಳಿಯುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ, ಬಿಸಿ ಹೆಚ್ಚಾದರೆ ಕರಗಿ ಗಟ್ಟಿಯಾಗಿ ಒಲೆಯ ಬಾಯಿ ಕಟ್ಟುತ್ತದೆ.

ಅಡಿಕೆ ಸಿಪ್ಪೆಯ ಸಂಕಟ ಇನ್ನೂ ದೊಡ್ಡದು. ಸುಗ್ಗಿ ಮುಗಿದ ಮೇಲೆ ರಸ್ತೆ ಬದಿಯಲ್ಲಿ ಸಿಪ್ಪೆಯ ದಿಬ್ಬಗಳು ಏಳುತ್ತವೆ, ಯಾರೋ ಕಡ್ಡಿ ಗೀರುತ್ತಾರೆ, ದಿನಗಟ್ಟಲೆ ಒಳಗೊಳಗೇ ಬೇಯುತ್ತ ಹೊಗೆ ಕಾರುತ್ತವೆ. ಆ ಹೊಗೆಯಲ್ಲಿ ಇರುವುದೂ ಉರಿಯದೆ ಉಳಿದ ಅನಿಲ ಮತ್ತು ಟಾರು, ಶಕ್ತಿ ಕೊಡಬೇಕಾಗಿದ್ದದ್ದು ದಾರಿಹೋಕರ ಎದೆಗೆ ಸೇರುತ್ತಿದೆ. ಹಾಗೆಂದು ಸಿಪ್ಪೆಯನ್ನು ನೇರವಾಗಿ ಕೊಳವೆಗೆ ಸುರಿದರೆ ಆಗದು. ನಾರು ನಾರಾದ ಹಗುರ ವಸ್ತು ಅದು, ಕಮಾನು ಕಟ್ಟಿಕೊಂಡು ಮೇಲೆಯೇ ನಿಲ್ಲುತ್ತದೆ, ಕೆಳಗೆ ಕೆಂಡ ಖಾಲಿಯಾಗುತ್ತದೆ. ಒಣಗಿಸಿ, ಒತ್ತಿ, ಬ್ರಿಕೆಟ್ ಮಾಡಬೇಕು. ಅದಕ್ಕೂ ವಿದ್ಯುತ್ ಬೇಕು, ಸಾಗಿಸಲು ಲಾರಿ ಬೇಕು. ಜೊತೆಗೆ, ತೋಟದ ಬುಡಕ್ಕೆ ಸಿಪ್ಪೆ ಹಾಸುವ ರೈತನಿಂದ ಅದನ್ನು ಕಿತ್ತು ಒಲೆಗೆ ಹಾಕುವುದು ತಪ್ಪು. ರಸ್ತೆಯಂಚಿಗೆ ಬೀಳುವ ಪಾಲು ಒಲೆಗೆ ಬರಲಿ, ಅಷ್ಟು ಸಾಕು.

ಊರಿನ ಕಸಕ್ಕೆ ಬಂದರೆ ಮಾತು ಬಿಗಿಯಾಗಬೇಕಾಗುತ್ತದೆ. 2011ರ ಜನಗಣತಿಯಂತೆ ಭದ್ರಾವತಿಯಲ್ಲಿ ಸುಮಾರು ಒಂದೂವರೆ ಲಕ್ಷ ಜನ, ಶಿವಮೊಗ್ಗದಲ್ಲಿ ಮೂರು ಲಕ್ಷಕ್ಕೂ ಹೆಚ್ಚು. ತಲೆಗೆ ದಿನಕ್ಕೆ 400 ಗ್ರಾಂ ಎಂದು ಹಿಡಿದರೆ ಎರಡೂ ಊರು ಸೇರಿ 200 ಟನ್ ಆಸುಪಾಸು. ಬಿಡದಿಯಲ್ಲಿ ಬೆಂಗಳೂರಿನ ಕಸಕ್ಕೆಂದು ಕಟ್ಟಿದ 11.5 ಮೆಗಾವಾಟ್ ಘಟಕಕ್ಕೆ ದಿನಕ್ಕೆ 600 ಟನ್ ಬೇಕು. ಇಲ್ಲಿಯ 200 ಟನ್‌ನಲ್ಲೂ ಅರ್ಧದಷ್ಟು ಅಡುಗೆಮನೆ ಮತ್ತು ಮಾರುಕಟ್ಟೆಯ ಹಸಿ ಕಸ. ಒಂದು ಕೆಜಿ ನೀರನ್ನು ಆವಿ ಮಾಡಲೇ 600 ಕಿಲೋಕ್ಯಾಲೊರಿ ಹೋಗುತ್ತದೆ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕ್‌ನ ತಂತ್ರಜ್ಞಾನದಿಂದ ದಿನಕ್ಕೆ 300 ಟನ್ ಕಸ ಸುಡುವ ಘಟಕ ಕಟ್ಟಿದರು. ಓಡಿದ್ದು 21 ದಿನ. ಬಂದ ಕಸದಲ್ಲಿ ಉರಿಯುವ ಸತ್ವವೇ ಇರಲಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಕೆಜಿಗೆ 1500 ಕಿಲೋಕ್ಯಾಲೊರಿ ಅಥವಾ ಅದಕ್ಕಿಂತ ಹೆಚ್ಚು ಶಾಖವಿರುವ, ಮರುಬಳಕೆಗೆ ಬಾರದ ಕಸವನ್ನು ಇಂಧನಕ್ಕೆ ಬಳಸಬೇಕು ಎಂದವು. ಹಸಿ ಒಣ ಬೆರೆತ ಕಸ ಆ ಗಡಿಯ ಹತ್ತಿರಕ್ಕೂ ಬರುವುದು ಕಷ್ಟ.

ಸುಡುವ ಬದಲು ಗ್ಯಾಸಿಫಿಕೇಷನ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಇಂಗ್ಲೆಂಡಿನ ಟೀಸ್ ಕಣಿವೆಯನ್ನು ತೋರಿಸಬೇಕು. ಏರ್ ಪ್ರಾಡಕ್ಟ್ಸ್ ಎಂಬ ದೊಡ್ಡ ಕಂಪನಿ ಅಲ್ಲಿ ಪ್ಲಾಸ್ಮಾ ಗ್ಯಾಸಿಫಿಕೇಷನ್‌ನ ಎರಡು ಘಟಕ ಕಟ್ಟಿ, ನಡೆಸಲಾಗದೆ 2016ರಲ್ಲಿ ಕೈಬಿಟ್ಟಿತು. ಹಣ, ವಿದ್ಯೆ ಎರಡೂ ಇದ್ದವರ ಗತಿ ಅದು. ಗೆದ್ದ ಉದಾಹರಣೆ ಜಪಾನಿನ ಕಮೈಶಿ, ಅದು ಭದ್ರಾವತಿಗೆ ಬಹಳ ಹತ್ತಿರದ್ದು. 1857ರಲ್ಲಿ ಜಪಾನಿನ ಮೊದಲ ಪಾಶ್ಚಾತ್ಯ ಮಾದರಿಯ ಊದುಕುಲುಮೆ ಹೊತ್ತಿದ ಕಬ್ಬಿಣದೂರು ಅದು. ನಿಪ್ಪಾನ್ ಸ್ಟೀಲ್ ತನ್ನ ಊದುಕುಲುಮೆಯ ಅನುಭವದಿಂದಲೇ ಕಸ ಕರಗಿಸುವ ಕುಲುಮೆ ರೂಪಿಸಿ 1979ರಲ್ಲಿ ಅಲ್ಲಿ ಶುರುಮಾಡಿತು. ಮೇಲಿನಿಂದ ಕಸ, ಕೋಕ್, ಸುಣ್ಣಕಲ್ಲು, ಕೆಳಗಿನಿಂದ ಗಾಳಿ. ಅನಿಲ ಬಾಯ್ಲರಿಗೆ, ಕರಗಿದ ಕಿಟ್ಟ ಮತ್ತು ಲೋಹ ಕೆಳಕ್ಕೆ. ಹತ್ತು ವರ್ಷದ ಮೇಲೆ ಆ ಊರಿನ ಕಬ್ಬಿಣದ ಕುಲುಮೆಗಳು ಆರಿದವು, ಕಸದ ಕುಲುಮೆಯ ಮಾದರಿ ಜಪಾನಿನ ಉದ್ದಗಲಕ್ಕೂ ಹರಡಿತು. ಅದಕ್ಕೆ ಕೋಕ್ ಬೇಕು, ಅಂದರೆ ಕಲ್ಲಿದ್ದಲು ಉರಿಯುತ್ತದೆ ಎಂಬುದನ್ನು ಮರೆಯಬಾರದು. ಮನೆಮನೆಯಲ್ಲೂ ಕಸ ಬೇರ್ಪಡಿಸುವ ಶಿಸ್ತು ಆ ದೇಶದಲ್ಲಿ ಇದೆ ಎಂಬುದನ್ನೂ ಮರೆಯಬಾರದು.

ನಮ್ಮಲ್ಲಿ ಹಸಿ ಕಸಕ್ಕೆ ಬೆಂಕಿಯ ಗೊಡವೆಯೇ ಬೇಡ, ಅದು ಬಯೋಗ್ಯಾಸ್ ಡೈಜೆಸ್ಟರಿನ ಆಸ್ತಿ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಿಂದಲೇ ಸಗಣಿಯ ಅನಿಲದಿಂದ ವಿದ್ಯುತ್ ಮಾಡಿ ನಲ್ಲಿ ನೀರು ಕೊಟ್ಟಿದ್ದರು. ಇಂದೋರ್ 2022ರಲ್ಲಿ ದಿನಕ್ಕೆ 550 ಟನ್ ಹಸಿ ಕಸದಿಂದ ವಾಹನದ ಅನಿಲ ಮಾಡುವ ಘಟಕ ತೆರೆಯಿತು. ಇಂದೋರಿಗೆ ಅದು ಸಾಧ್ಯವಾದದ್ದು ಮನೆ ಬಾಗಿಲಲ್ಲೇ ಕಸ ಬೇರೆಯಾದ್ದರಿಂದ. ಓಲ್ಡ್ ಟೌನಿನ ಕಿರಿದಾದ ಬೀದಿಗಳಲ್ಲಿ ಬೆಳಗಿನ ಗಾಡಿಗೆ ಕಸ ಹಾಕಿಸಿಕೊಳ್ಳುವ ಪೌರಕಾರ್ಮಿಕರ ಕೈಯಲ್ಲಿ ಈ ತಂತ್ರಜ್ಞಾನದ ಅರ್ಧ ಭಾಗ ಇದೆ. ಅವರ ಸಂಬಳ, ಕೈಗವಸು, ಕಾಯಂ ಕೆಲಸದ ಮಾತಿಲ್ಲದೆ ಬರುವ ಯಾವ ಯೋಜನಾ ವರದಿಯೂ ಪೂರ್ಣವಲ್ಲ.

ಕಬ್ಬಿಣದ ಕಾರ್ಖಾನೆಗೆ ಮರಳಿ ಬರುತ್ತೇನೆ. ನೂರು ತುಂಬಿದ ಜನವರಿಯಲ್ಲೇ, 2023ರಲ್ಲಿ, ಭಾರತೀಯ ಉಕ್ಕು ಪ್ರಾಧಿಕಾರ ಈಗ ವಿಐಎಸ್‌ಎಲ್ ಎನಿಸಿಕೊಂಡಿರುವ ಈ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಮಾಡಿತು. ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತ ಮೇಲೆ ಆಗಸ್ಟ್‌ನಲ್ಲಿ ಕೆಲಸ ಮತ್ತೆ ಶುರುವಾಯಿತು. ಅದರ ಹಿಂದಿನ ವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ದಾಸಪ್ಪ ಅವರ ತಂಡ ಹೊಸ ಫಲಿತಾಂಶ ಪ್ರಕಟಿಸಿತ್ತು. ಗಾಳಿಯ ಬದಲು ಆಮ್ಲಜನಕ ಮತ್ತು ಹಬೆ ಕೊಟ್ಟರೆ ಒಂದು ಕೆಜಿ ಜೀವರಾಶಿಯಿಂದ 100 ಗ್ರಾಂ ಹೈಡ್ರೋಜನ್ ಸಿಗುತ್ತದೆ. ಆ ಒಂದು ಕೆಜಿಯೊಳಗೆ ಇರುವುದು 60 ಗ್ರಾಂ ಮಾತ್ರ, ಉಳಿದದ್ದು ಹಬೆಯ ನೀರಿನಿಂದ ಬರುತ್ತದೆ. ಅದಿರಿನಿಂದ ಆಮ್ಲಜನಕ ಕೀಳಲು ಹೈಡ್ರೋಜನ್‌ಗೂ ಬರುತ್ತದೆ ಎಂಬುದನ್ನು ಭದ್ರಾವತಿಯ ಕುಲುಮೆ ಕಾರ್ಮಿಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅನಿಲ, ಬಿಸಿ, ಟಾರು, ಕಿಟ್ಟ ಇವುಗಳ ಜೊತೆ ತಲೆಮಾರುಗಳಿಂದ ಬದುಕಿದ ಕೈಗಳು ಈ ರಾಜ್ಯದಲ್ಲಿ ಇನ್ನೆಲ್ಲೂ ಇಷ್ಟೊಂದು ಇರಲಾರವು. ಅವರು ನಿವೃತ್ತರಾಗಿ ಚದುರಿಹೋಗುವ ಮೊದಲು ಹೊಟ್ಟು, ಸಿಪ್ಪೆಗಳ ಒಂದು ಸಣ್ಣ ಪ್ರಾಯೋಗಿಕ ಘಟಕ ಆ ಕಾಂಪೌಂಡಿನಲ್ಲೇ ಏಳಬೇಕು ಎಂದು ನಾನು ಗಟ್ಟಿಯಾಗಿ ಬಯಸುತ್ತೇನೆ.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಅಗ್ಗದ್ದು. ಭದ್ರಾವತಿ ಮತ್ತು ಶಿವಮೊಗ್ಗದ ಕಸವನ್ನು ವಾರ್ಡುವಾರು ತೂಗಿ, ಹಸಿ ಒಣ ಬೇರೆ ಮಾಡಿ, ತೇವಾಂಶ ಅಳೆಯಬೇಕು. ಒಂದು ವರ್ಷ ಪೂರ್ತಿ ಅಳೆಯಬೇಕು, ಏಕೆಂದರೆ ಮಾರ್ಚಿನ ಕಸವೂ ಜುಲೈ ಮಳೆಯಲ್ಲಿ ನೆನೆದ ಕಸವೂ ಒಂದೇ ಅಲ್ಲ. ತಾಲ್ಲೂಕಿನ ಅಕ್ಕಿ ಗಿರಣಿಗಳ ಹೊಟ್ಟು ಈಗ ಯಾರಿಗೆ ಹೋಗುತ್ತಿದೆ, ಸಿಪ್ಪೆ ಯಾವ ತಿಂಗಳಲ್ಲಿ ಎಲ್ಲಿ ಬೀಳುತ್ತದೆ ಎಂಬ ಪಟ್ಟಿಯೂ ಆಗಲಿ. ಆ ಅಂಕಿಗಳನ್ನು ನಗರಸಭೆ, ಮಹಾನಗರ ಪಾಲಿಕೆಗಳ ಗೋಡೆಗೆ ಅಂಟಿಸಿದ ಮೇಲೆಯೇ ಟೆಂಡರು ಕರೆಯಲಿ.