ನೂರು ಪದಗಳನ್ನು ಆರಿಸುವವರು ಯಾರು?

ಕಲಬುರಗಿ ನಗರವಿರಲಿ, ಕಮಲಾಪುರದ ಹಳ್ಳಿಗಳಿರಲಿ, ಮನೆಯಲ್ಲಿ ಯಾರಿಗಾದರೂ ಲಕ್ವಾ ಹೊಡೆದರೆ ಕೈಕಾಲಿನ ಆರೈಕೆ ಕೂಡಲೇ ಶುರುವಾಗುತ್ತದೆ. ಎಣ್ಣೆ ತಿಕ್ಕುವವರು ಬರುತ್ತಾರೆ, ವ್ಯಾಯಾಮ ಮಾಡಿಸುತ್ತಾರೆ. ಮಾತಿನ ವಿಷಯಕ್ಕೆ ಬಂದರೆ ಮಾತ್ರ ‘ನಿಧಾನಕ್ಕ ಬರ್ತದ ಬಿಡ್ರಿ’ ಎಂಬ ಸಮಾಧಾನ, ಇಲ್ಲವೇ ‘ತಲಿ ಕೆಟ್ಟದ’ ಎಂಬ ತೀರ್ಪು. ಎರಡನೆಯದು ಶುದ್ಧ ತಪ್ಪು. ಮೊದಲನೆಯದು ಅರ್ಧ ತಪ್ಪು. ಪಾರ್ಶ್ವವಾಯುವಿಗೆ ಸಿಕ್ಕು ಬದುಕುಳಿದವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಅಫೇಸಿಯಾ ಎಂಬ ಭಾಷೆಯ ತೊಂದರೆ ಬರುತ್ತದೆ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ಮೆದುಳಿನ ಎಡಭಾಗದ್ದು. ಅಲ್ಲಿಗೆ ರಕ್ತ ಹೋಗುವುದು ನಿಂತರೆ ಪೆಟ್ಟು ಬೀಳುವುದು ಭಾಷೆಗೆ, ತಿಳಿವಳಿಕೆಗಲ್ಲ. ತೊಗರಿ ಎನ್ನಬೇಕಾದವರು ‘ಅದ... ಹೊಲದಾಗಿಂದು, ಬ್ಯಾಳಿ ಆಗ್ತದಲ್ಲ’ ಎಂದು ಸುತ್ತು ಹಾಕುತ್ತಾರೆ. ತೊಗರಿ ಏನೆಂಬುದು ಅವರಿಗೆ ಚೆನ್ನಾಗಿ ಗೊತ್ತು, ಹೆಸರು ಮಾತ್ರ ಸಿಗುತ್ತಿಲ್ಲ ಎನ್ನುವುದಕ್ಕೆ ಆ ಸುತ್ತುಮಾತೇ ಸಾಕ್ಷಿ.

ಹೆಸರು ಸಿಗದಿರುವುದಕ್ಕೆ ಕಾರಣ ಎಲ್ಲರಲ್ಲೂ ಒಂದೇ ಅಲ್ಲ. ತೊಗರಿಗೆ ‘ಕಡ್ಲಿ’ ಎಂದವರಲ್ಲಿ ಅರ್ಥದ ಹಂತದಲ್ಲಿ ಎಡವಟ್ಟಾಗಿರಬಹುದು. ‘ತೋಡಗಿ’ ಎಂದವರಿಗೆ ಪದ ಸಿಕ್ಕಿದೆ, ಅದರ ಧ್ವನಿಗಳ ಜೋಡಣೆ ತಪ್ಪಿದೆ. ಮೊದಲನೆಯವರಿಗೆ ಸ್ಪೀಚ್ ಥೆರಪಿಸ್ಟ್ ವಸ್ತುವಿನ ಸುತ್ತಲ ಸಂಗತಿಗಳನ್ನು ಕೇಳುತ್ತಾ ಹೋಗುತ್ತಾರೆ: ಎಲ್ಲಿ ಬೆಳೆಯುತ್ತದೆ, ಯಾವಾಗ ರಾಶಿ ಮಾಡುತ್ತೇವೆ, ಯಾವುದಕ್ಕೆ ಬಳಸುತ್ತೇವೆ. ಎರಡನೆಯವರಿಗೆ ‘ತೊ...’ ಎಂದು ಮೊದಲ ಅಕ್ಷರ ಕೊಟ್ಟು, ಉಳಿದದ್ದನ್ನು ಅವರೇ ಹೇಳುವವರೆಗೆ ಕಾಯುತ್ತಾರೆ. ಈ ಕಾಯುವುದೇ ಮನೆಯವರಿಗೆ ಅತ್ಯಂತ ಕಷ್ಟದ ಕೆಲಸ. ಪೂರಾ ಪದವನ್ನು ಬಾಯಿಗೆ ಇಟ್ಟುಬಿಟ್ಟರೆ ಹುಡುಕುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಇಂಥ ಅಭ್ಯಾಸದಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಬಿಗ್ ಕ್ಯಾಕ್ಟಸ್’ ಅಧ್ಯಯನ ಬಹಳ ನೇರವಾಗಿ ತೋರಿಸಿತು. 278 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಅವರವರೇ ಆರಿಸಿಕೊಂಡ 100 ಪದಗಳನ್ನು ಆರು ತಿಂಗಳು ಮನೆಯಲ್ಲೇ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಿಸಿದರು. ಮಾಮೂಲಿ ಆರೈಕೆ ಪಡೆದವರಿಗಿಂತ ಇವರು ಆ ಪದಗಳನ್ನು ಹೇಳುವುದರಲ್ಲಿ ಶೇ. 16ರಷ್ಟು ಮುಂದಿದ್ದರು. ಆದರೆ ಸಹಜ ಸಂಭಾಷಣೆ ಸುಧಾರಿಸಲಿಲ್ಲ. ಇದನ್ನೇ ಹಿಡಿದು ‘ಹಾಗಿದ್ದರೆ ಇದರಿಂದ ಏನುಪಯೋಗ’ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಬರುವುದು ಬಹುಮಟ್ಟಿಗೆ ತಿದ್ದಿದ ಪದ ಮಾತ್ರ ಎಂದಾದರೆ, ಯಾವ ಪದಗಳನ್ನು ತಿದ್ದಬೇಕು ಎಂಬ ಪ್ರಶ್ನೆಯೇ ಚಿಕಿತ್ಸೆಯ ನಡುಮನೆಗೆ ಬರುತ್ತದೆ. ಕಮಲಾಪುರದ ಕೆಂಪು ಬಾಳೆ ಬೆಳೆಗಾರನಿಗೆ ಅಚ್ಚಾದ ಚಿತ್ರದ ಕಾರ್ಡಿನಲ್ಲಿರುವ ಹಡಗು, ಪೆಂಗ್ವಿನ್ ಕಲಿಸಿ ಆರು ತಿಂಗಳು ಕಳೆಯುವುದು ವ್ಯರ್ಥ. ಅವನ ಪಟ್ಟಿಯಲ್ಲಿ ಮೊದಲು ಬರಬೇಕಾದ್ದು ಹೆಂಡತಿ-ಮಕ್ಕಳ ಹೆಸರು, ರೊಟ್ಟಿ, ಹಿಂಡಿ, ಚಾ, ಗುಳಿಗಿ, ದವಾಖಾನಿ, ಬಾಕಿ ಕೊಡಬೇಕಾದ ವ್ಯಾಪಾರಿಯ ಹೆಸರು. ಸಂಭಾಷಣೆಯ ಕೊರತೆಗೂ ಉತ್ತರವಿದೆ: ಚಿತ್ರ ನೋಡಿ ಹೆಸರು ಹೇಳುವಲ್ಲಿಗೆ ನಿಲ್ಲದೆ, ಅದೇ ಪದವನ್ನು ಎದುರಿನ ಮನುಷ್ಯನಿಂದ ಏನಾದರೂ ಕೇಳಿ ಪಡೆಯಲು ಬಳಸಬೇಕು. ಥೆರಪಿಸ್ಟರ ಜೊತೆ ಕೂತು ಮಾತಿನ ಅಭ್ಯಾಸ ಮಾಡಿದ ಜರ್ಮನಿಯ ರೋಗಿಗಳು ದಿನನಿತ್ಯದ ಸನ್ನಿವೇಶಗಳಲ್ಲಿ ಮಾತಾಡುವುದರಲ್ಲೂ ಸುಧಾರಿಸಿದರೆಂದು 2017ರ ಅಧ್ಯಯನವೊಂದು ಹೇಳುತ್ತದೆ. ವಾರಕ್ಕೆ ಕನಿಷ್ಠ 10 ತಾಸು, ಮೂರು ವಾರ ನಡೆದ ಅಭ್ಯಾಸ ಅದು. ಅವರಿಗೆಲ್ಲ ಮಾತು ಹೋಗಿ ಆರು ತಿಂಗಳು ದಾಟಿತ್ತು. ‘ತಡ ಆಗ್ಯದ, ಇನ್ನೇನ್ ಬರ್ತದ’ ಎನ್ನುವವರು ಇದನ್ನು ಗಮನಿಸಬೇಕು. ಮೊದಲ ಕೆಲವು ತಿಂಗಳಲ್ಲಿ ಮಾತು ತಾನಾಗಿ ಒಂದಷ್ಟು ಮರಳುವುದು ನಿಜ. ಆಮೇಲೆ ಬಾಗಿಲು ಮುಚ್ಚುತ್ತದೆ ಎಂಬುದು ನಿಜವಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ತಕರಾರೂ ಇದೆ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ದಖ್ಖನಿ, ತೆಲುಗು, ಮರಾಠಿ ಓಡಾಡುತ್ತವೆ, ತಾಂಡಾಗಳಲ್ಲಿ ಲಂಬಾಣಿ. ಎರಡು ಭಾಷೆ ಬೆರೆತರೆ ರೋಗಿಗೆ ಗೊಂದಲವಾಗುತ್ತದೆ, ಒಂದಕ್ಕೇ ಕಟ್ಟಿಹಾಕಿ ಎಂಬ ಸಲಹೆ ಕೇಳಿಬರುತ್ತದೆ. ಒಂದು ಭಾಷೆಯಲ್ಲಿ ಮಾಡಿಸಿದ ಚಿಕಿತ್ಸೆಯ ಫಲ ಇನ್ನೊಂದಕ್ಕೆ ಹರಿಯುತ್ತದೆಯೇ ಎಂಬುದರಲ್ಲಿ ಸಂಶೋಧನೆಗಳು ಒಮ್ಮತಕ್ಕೆ ಬಂದಿಲ್ಲ. ಹಾಗಿರುವಾಗ ಮನೆಯಲ್ಲಿ ನಡೆಯುವ ಭಾಷೆಯಲ್ಲೇ ಅಭ್ಯಾಸ ಮಾಡಿಸುವುದು ಸರಿ. ‘ನೀರು’ ಬಾರದೆ ‘ಪಾನಿ’ ಬಂದರೆ ಅದನ್ನು ತಿದ್ದುವ ಅಗತ್ಯವಿಲ್ಲ; ತಂಬಿಗೆ ತಂದು ಕೊಟ್ಟರಾಯಿತು.

ಥೆರಪಿಸ್ಟ್ ಎಲ್ಲಿದ್ದಾರೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. 1965ರಿಂದ ಈ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲಿ, ಅಂದರೆ ನಮಗೆ ರಾಜ್ಯದ ಇನ್ನೊಂದು ತುದಿ. ಕಮಲಾಪುರದವರಿಗೆ ಕಲಬುರಗಿಗೆ ವಾರಕ್ಕೆ ಮೂರು ಸಲ ಬಂದುಹೋಗುವುದೂ ಪ್ರತಿ ಸಲ ಒಂದು ದಿನದ ಕೂಲಿಯ ಲೆಕ್ಕ, ಜೊತೆಗೆ ಬರುವವರ ಕೂಲಿ ಬೇರೆ. ಆದರೆ ಪ್ರತಿ ಅಭ್ಯಾಸಕ್ಕೂ ಥೆರಪಿಸ್ಟ್ ಎದುರಿರಬೇಕಿಲ್ಲ. ತೊಂದರೆ ಎಲ್ಲಿದೆ ಎಂದು ಪರೀಕ್ಷಿಸಿ ದಾರಿ ಹಾಕಿಕೊಡಲು ಅವರು ಬೇಕೇ ಬೇಕು. ದಿನದ ಇಪ್ಪತ್ತು-ಮೂವತ್ತು ನಿಮಿಷ ಮನೆಯಲ್ಲಿ ಆಗಬಹುದು. ಮೈಸೂರಿನ ಸಂಸ್ಥೆ ವಿಡಿಯೋ ಮೂಲಕವೂ ಚಿಕಿತ್ಸೆ ಕೊಡುತ್ತದೆ. ಓದು ಬಾರದ ಹಿರಿಯರಿಗೆ ಬರೆದ ಅಕ್ಷರದ ಸುಳಿವು ನಡೆಯದು. ಅವರಿಗೆ ಮೊಮ್ಮಕ್ಕಳು ಮೊಬೈಲಿನಲ್ಲಿ ತೆಗೆದ ಮನೆಯದೇ ಫೋಟೊ, ಮನೆಯವರದೇ ಧ್ವನಿ ಸಾಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಾಕ್ ಮತ್ತು ಭಾಷಾ ವೈಕಲ್ಯವನ್ನು ವಿವರಿಸುವಾಗ ಅಫೇಸಿಯಾವನ್ನು ಹೆಸರಿಸಿಯೇ ಹೇಳಿದೆ; ಶಾಶ್ವತವಾಗಿ ಉಳಿದ ತೊಂದರೆಗೆ ಪ್ರಮಾಣಪತ್ರ ಕೇಳಲು ಅವಕಾಶವಿದೆ. ಪ್ರಮಾಣಪತ್ರದ ಮಾತು ಆಮೇಲಿನದು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಫಿಸಿಯೋಥೆರಪಿ ಎಂದು ಬರೆದ ಸಾಲಿನ ಕೆಳಗೆ ಸ್ಪೀಚ್ ಥೆರಪಿ ಎಂದು ಇನ್ನೊಂದು ಸಾಲು ಸೇರಿಸಲು ಯಾವ ಹೊಸ ಯೋಜನೆಯೂ ಬೇಕಾಗಿಲ್ಲ.