ಆರ್‌ವಿ ಬುಕ್ ಮಾಡೋ ಮುಂಚೆ ಕೇಳಬೇಕಾದ ಒಂದೇ ಪ್ರಶ್ನೆ: ನದಿಗಿಂತ ಎಷ್ಟು ಎತ್ತರ?

ಇವತ್ತು ಆರ್‌ವಿ ಕ್ಯಾಂಪಿಂಗ್ ಬಗ್ಗೆ ಮಾತಾಡೋಣ. ಆರ್‌ವಿ ಅಂದ್ರೆ ರಿಕ್ರಿಯೇಷನಲ್ ವೆಹಿಕಲ್. ಹಾಸಿಗೆ, ಅಡುಗೆಮನೆ, ಬಾತ್‌ರೂಮ್ ಎಲ್ಲಾ ಒಳಗೇ ಇರುವ ದೊಡ್ಡ ವ್ಯಾನ್, ಇಲ್ಲಾಂದ್ರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಟ್ರೇಲರ್. ಅಮೆರಿಕದ ಟೆಕ್ಸಸ್‌ನಲ್ಲಿ, ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಕಡೆ ನಮ್ಮ ಕನ್ನಡದವರು ತುಂಬ ಜನ ಇದ್ದಾರೆ. ನಿಮ್ಮ ಅಕ್ಕನೋ ಅಣ್ಣನೋ ಅಲ್ಲಿದ್ದು, ಬೇಸಿಗೆಯಲ್ಲಿ ಅಪ್ಪ-ಅಮ್ಮ ಹೋದಾಗ ಇಂಥದ್ದೊಂದು ಬಾಡಿಗೆಗೆ ತಗೊಳ್ಳೋ ಪ್ಲ್ಯಾನ್ ಇದ್ರೆ, ಈ ಎಪಿಸೋಡ್ ಅವರಿಗೆ ಕಳಿಸಿ.

ಉದಾಹರಣೆಗೆ ಒಂದು ಊರು ತಗೊಳ್ತೀನಿ: ಕೆರ್ವಿಲ್. ಸ್ಯಾನ್ ಆಂಟೋನಿಯೊದಿಂದ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರ್, ಜನಸಂಖ್ಯೆ 25 ಸಾವಿರದ ಆಸುಪಾಸು. ಸುತ್ತ ಗುಡ್ಡ, ಮಧ್ಯೆ ಗ್ವಾಡಲೂಪ್ ನದಿ. ನದಿ ದಂಡೆ ಉದ್ದಕ್ಕೂ ಆರ್‌ವಿ ಪಾರ್ಕ್‌ಗಳು, ಮಕ್ಕಳ ಬೇಸಿಗೆ ಶಿಬಿರಗಳು. ಮೊದಲು ರಾಜ್ಯದ ಪಾರ್ಕ್ ಆಗಿದ್ದ ಕೆರ್ವಿಲ್-ಶ್ರೈನರ್ ಪಾರ್ಕನ್ನು ಈಗ ಊರಿನ ಆಡಳಿತವೇ ನಡೆಸುತ್ತೆ. ಅಲ್ಲೂ ಆರ್‌ವಿ ನಿಲ್ಲಿಸಬಹುದು, ಟೆಂಟ್ ಹಾಕಬಹುದು.

ಮೊದಲು ಇದು ಹೇಗೆ ನಡೆಯುತ್ತೆ ನೋಡೋಣ. ಪಾರ್ಕ್‌ನಲ್ಲಿ ನಿಮಗೊಂದು ಜಾಗ ಕೊಡ್ತಾರೆ, ಅದಕ್ಕೆ ಸೈಟ್ ಅಂತಾರೆ. ‘ಫುಲ್ ಹುಕಪ್’ ಸೈಟ್ ಅಂದ್ರೆ ಕರೆಂಟ್, ನೀರು, ಒಳಚರಂಡಿ ಮೂರೂ ಅಲ್ಲೇ ಸಿಗುತ್ತೆ. ಕರೆಂಟ್ 30 ಆಂಪ್ ಅಥವಾ 50 ಆಂಪ್ ಇರುತ್ತೆ. 30 ಆಂಪ್ ಅಂದ್ರೆ 3,600 ವ್ಯಾಟ್, ಒಂದು ಎಸಿ ಆರಾಮಾಗಿ ಓಡುತ್ತೆ. ಎರಡು ಎಸಿ ಇರುವ ದೊಡ್ಡ ಗಾಡಿಗೆ 50 ಆಂಪ್ ಬೇಕು. ಒಳಚರಂಡಿ ಇಲ್ಲದ ಸೈಟ್ ಆದ್ರೆ, ಹೊರಡುವಾಗ ‘ಡಂಪ್ ಸ್ಟೇಷನ್’ಗೆ ಹೋಗಿ ಟಾಯ್ಲೆಟ್ ಟ್ಯಾಂಕ್ ನೀವೇ ಖಾಲಿ ಮಾಡಬೇಕು. ಇಷ್ಟನ್ನ ಬುಕಿಂಗ್ ಪುಟದಲ್ಲೇ ಹಾಕಿರ್ತಾರೆ. ಆ ಸೈಟ್ ನದಿಗಿಂತ ಎಷ್ಟು ಅಡಿ ಎತ್ತರದಲ್ಲಿದೆ ಅನ್ನೋದನ್ನ ಮಾತ್ರ ನಾವಾಗೇ ಕೇಳಬೇಕು.

ಯಾಕೆ ಅಂದ್ರೆ, 2025ರ ಜುಲೈ 4. ಅಮೆರಿಕದ ಸ್ವಾತಂತ್ರ್ಯ ದಿನ, ಲಾಂಗ್ ವೀಕೆಂಡ್, ಪಾರ್ಕ್‌ಗಳಲ್ಲಿ ಜನವೋ ಜನ. ಬೆಳಗಿನ ಜಾವ ಗ್ವಾಡಲೂಪ್ ನದಿ 45 ನಿಮಿಷದಲ್ಲಿ ಸುಮಾರು 26 ಅಡಿ ಏರಿತು. ಎರಡು ಅಂತಸ್ತಿನ ಮನೆಯಷ್ಟು ನೀರು, ಎಲ್ಲರೂ ಮಲಗಿದ್ದ ಹೊತ್ತಲ್ಲಿ. ಕೆರ್ವಿಲ್‌ನಲ್ಲಿ, ಪಕ್ಕದ ಇಂಗ್ರಾಮ್‌ನಲ್ಲಿ ಆರ್‌ವಿಗಳು ಒಳಗಿದ್ದವರ ಸಮೇತ ಕೊಚ್ಚಿಹೋದವು. ಮೇಲ್ಭಾಗದ ಹಂಟ್ ಹತ್ತಿರದ ಹೆಣ್ಣುಮಕ್ಕಳ ಶಿಬಿರವೊಂದರಲ್ಲೇ 27 ಮಕ್ಕಳು ಮತ್ತು ಕೌನ್ಸೆಲರ್‌ಗಳು ತೀರಿಕೊಂಡರು. ಟೆಕ್ಸಸ್‌ನಲ್ಲಿ ಒಟ್ಟು ಸತ್ತವರು 130ಕ್ಕೂ ಹೆಚ್ಚು.

ಅಷ್ಟು ಬೇಗ ನೀರು ಹೇಗೆ ಏರುತ್ತೆ? ಅಲ್ಲಿನ ಗುಡ್ಡಗಳು ಸುಣ್ಣಕಲ್ಲಿನವು, ಮೇಲೆ ಮಣ್ಣಿನ ಪದರ ತೆಳು. ಮಳೆ ಇಂಗಲ್ಲ, ಜಾರಿ ನೇರ ಹೊಳೆಗೆ ಇಳಿಯುತ್ತೆ. ಆ ಕಡೆಗೆ ‘ಫ್ಲ್ಯಾಶ್ ಫ್ಲಡ್ ಆ್ಯಲಿ’ ಅಂತ ಹೆಸರೇ ಬಿದ್ದಿದೆ. 1987ರ ಜುಲೈನಲ್ಲೂ ಇದೇ ನದಿಯ ಪ್ರವಾಹದಲ್ಲಿ, ಶಿಬಿರದಿಂದ ಹೊರಟಿದ್ದ 10 ಮಂದಿ ಹದಿಹರೆಯದ ಮಕ್ಕಳು ಸತ್ತಿದ್ದರು.

ಹಾಗಾದ್ರೆ ಅಂಥ ಜಾಗದಲ್ಲಿ ಆರ್‌ವಿ ಪಾರ್ಕ್‌ಗೆ ಅನುಮತಿ ಯಾಕೆ? ಇಲ್ಲಿದೆ ನಿಜವಾದ ವಿಷಯ. ಗುಡ್ಡದ ಊರಲ್ಲಿ ಸಮತಟ್ಟಾದ ಜಾಗ ಸಿಗೋದು ನದಿ ಪಕ್ಕದಲ್ಲೇ. ಪ್ರವಾಹ ಬಯಲಿನಲ್ಲಿ ಹೊಸ ಮನೆ ಕಟ್ಟಬೇಕಾದ್ರೆ ನೆಲ ಎತ್ತರಿಸಬೇಕು, ಖರ್ಚು ಜಾಸ್ತಿ. ಆದ್ರೆ ಆರ್‌ವಿ ಮನೆ ಅಲ್ಲ, ಗಾಡಿ! ಅಮೆರಿಕದ ರಾಷ್ಟ್ರೀಯ ಪ್ರವಾಹ ವಿಮೆ ನಿಯಮದ ಪ್ರಕಾರ, ಸತತ 180 ದಿನಕ್ಕಿಂತ ಕಡಿಮೆ ನಿಲ್ಲುವ, ಅಥವಾ ಲೈಸೆನ್ಸ್ ಸರಿಯಿದ್ದು ಯಾವಾಗ ಬೇಕಾದ್ರೂ ರಸ್ತೆಗಿಳಿಯುವ ಸ್ಥಿತಿಯಲ್ಲಿರುವ ಆರ್‌ವಿಗೆ ಎತ್ತರಿಸುವ ಷರತ್ತಿಲ್ಲ. ನೀರು ಬಂದ್ರೆ ಓಡಿಸಿಕೊಂಡು ಹೋಗ್ತಾರೆ ಅನ್ನೋ ಲೆಕ್ಕ.

ಆ ಲೆಕ್ಕ ರಾತ್ರಿ ನಾಲ್ಕು ಗಂಟೆಗೆ ಕೆಲಸ ಮಾಡಲ್ಲ. ಆರ್‌ವಿ ಹೊರಡಿಸೋದು ಅಂದ್ರೆ ಕರೆಂಟ್ ವೈರ್ ಕೀಳಬೇಕು, ನೀರಿನ ಪೈಪ್, ಚರಂಡಿ ಪೈಪ್ ಬಿಚ್ಚಬೇಕು, ಹೊರಗೆ ಚಾಚಿದ ಭಾಗ ಒಳಗೆಳೀಬೇಕು, ಜಾಕ್ ಎತ್ತಬೇಕು. ಟ್ರೇಲರ್ ಆದ್ರೆ ಗಾಡಿಗೆ ಕಟ್ಟಬೇಕು. ಕತ್ತಲಲ್ಲಿ, ಮಳೇಲಿ, ಒಳಗೆ ಮಕ್ಕಳು, ವಯಸ್ಸಾದವರು. ಚಕ್ರ ಇದೆ ಅನ್ನೋ ಧೈರ್ಯ ಉಪಯೋಗಕ್ಕೆ ಬರೋದು ಹಿಂದಿನ ಸಂಜೆಯೇ ಜಾಗ ಬದಲಿಸಿದ್ರೆ ಮಾತ್ರ.

ಅಂದು ಎಚ್ಚರಿಕೆ ಬಂದೇ ಇರಲಿಲ್ವಾ? ಬಂದಿತ್ತು. ಅಮೆರಿಕದ ಹವಾಮಾನ ಇಲಾಖೆ ಜುಲೈ 3ರ ಮಧ್ಯಾಹ್ನವೇ ‘ಫ್ಲಡ್ ವಾಚ್’ ಕೊಟ್ಟಿತ್ತು, ರಾತ್ರಿ 1:14ಕ್ಕೆ ‘ಫ್ಲ್ಯಾಶ್ ಫ್ಲಡ್ ವಾರ್ನಿಂಗ್’. ಎರಡಕ್ಕೂ ವ್ಯತ್ಯಾಸ ಇದೆ. ವಾಚ್ ಅಂದ್ರೆ ಪ್ರವಾಹಕ್ಕೆ ಬೇಕಾದ ವಾತಾವರಣ ಇದೆ, ತಯಾರಾಗಿರಿ. ವಾರ್ನಿಂಗ್ ಅಂದ್ರೆ ಬರ್ತಿದೆ ಅಥವಾ ಬಂದೇಬಿಟ್ಟಿದೆ, ಏಳಿ. ಆದ್ರೆ ಗುಡ್ಡದ ಮಧ್ಯೆ ಎಲ್ಲ ಕಡೆ ಸಿಗ್ನಲ್ ಇರಲ್ಲ. ಫೋನ್ ಸೈಲೆಂಟ್ ಮಾಡಿ ಮಲಗಿದವರಿದ್ದರು. ನದಿ ಉದ್ದಕ್ಕೂ ಸೈರನ್ ವ್ಯವಸ್ಥೆ ಆ ಕೌಂಟಿಯಲ್ಲಿ ಇರಲಿಲ್ಲ.

2023ರಲ್ಲಿ ಕರ್ನಾಟಕದಲ್ಲೂ ನಮ್ಮ ಫೋನ್‌ಗಳು ಒಮ್ಮೆಗೇ ಜೋರಾಗಿ ಕೂಗಿ ಟೆಸ್ಟ್ ಮೆಸೇಜ್ ತೋರಿಸಿದ್ದು ನೆನಪಿದೆಯಾ? ಅಮೆರಿಕದ ತುರ್ತು ಸಂದೇಶವೂ ಹಾಗೇ, ಟವರ್‌ನಿಂದ ನೇರ ಬರುತ್ತೆ, ಆ್ಯಪ್ ಬೇಡ. ಸಿಗ್ನಲ್ ಇಲ್ಲಾಂದ್ರೆ ಮಾತ್ರ ಅದೂ ಇಲ್ಲ.

ಹಾಗಾಗಿ ನನ್ನ ಪಟ್ಟಿ ಇಷ್ಟು. ಬುಕ್ ಮಾಡುವಾಗ ‘ರಿವರ್ ವ್ಯೂ’ ಸೈಟ್ ಬದಲು ಮೇಲಿನ ಸಾಲಿನ ಸೈಟ್ ಕೇಳಿ. ವಿಳಾಸವನ್ನ ಫೆಮಾ ಸಂಸ್ಥೆಯ ಫ್ಲಡ್ ಮ್ಯಾಪ್‌ನಲ್ಲಿ ಹಾಕಿ ನೋಡಿ, ಉಚಿತ. ‘ಎ’ ಅಥವಾ ‘ಎಇ’ ವಲಯ ಅಂತ ಬಂದ್ರೆ ಅದು ಪ್ರವಾಹ ಬಯಲು. ‘ನೂರು ವರ್ಷದ ಪ್ರವಾಹ’ ಅಂದ್ರೆ ನೂರು ವರ್ಷಕ್ಕೊಮ್ಮೆ ಬರೋದು ಅಲ್ಲ, ಪ್ರತಿ ವರ್ಷ 1% ಸಾಧ್ಯತೆ. ಮಲಗುವಾಗ ತುರ್ತು ಅಲರ್ಟ್ ಆನ್ ಇರಲಿ, ಫೋನ್ ಚಾರ್ಜ್ ಆಗಿರಲಿ. ಬ್ಯಾಟರಿಯಲ್ಲಿ ಓಡುವ ವೆದರ್ ರೇಡಿಯೊ ಒಂದು ಜೊತೆಗಿರಲಿ, ಮೊಬೈಲ್ ಟವರ್ ಇಲ್ಲದಿದ್ರೂ ಕೂಗಿ ಎಬ್ಬಿಸುತ್ತೆ. ಹಗಲಲ್ಲೇ ಎಲ್ಲರೂ ಒಮ್ಮೆ ಎತ್ತರದ ಜಾಗಕ್ಕೆ ನಡೆದು ದಾರಿ ನೋಡಿಕೊಳ್ಳಿ.

ಫ್ಲಡ್ ವಾಚ್ ಇದ್ರೆ ಸಂಜೆಯೇ ಜಾಗ ಬದಲಿಸಿ. ರಾತ್ರಿ ವಾರ್ನಿಂಗ್ ಬಂದ್ರೆ ಗಾಡಿ ಬಿಟ್ಟು ಕಾಲ್ನಡಿಗೆಯಲ್ಲಿ ಮೇಲೆ ಹತ್ತಿ. ಹರಿಯುವ ನೀರು ಎರಡು ಅಡಿ ಇದ್ರೆ ಸಾಕು, ಬಹುತೇಕ ಗಾಡಿಗಳನ್ನ ಹೊತ್ತೊಯ್ಯುತ್ತೆ. ಬಾಡಿಗೆ ಗಾಡಿಗೆ ಇನ್ಶೂರೆನ್ಸ್ ಇರುತ್ತೆ, ಅಪ್ಪ-ಅಮ್ಮನ ಕೈ ಹಿಡ್ಕೊಂಡು ನೀವು ಮೊದಲು ಮೇಲೆ ಹೋಗಿ.